ಹೆಂಚಿನ ಮನೆಯಲ್ಲಿ ಗಿಟಾರ್ ಧ್ವನಿಮುದ್ರಣಕ್ಕೆ ಯಾವ ಮೈಕ್?

ತೀರ್ಥಹಳ್ಳಿಯ ಹೆಂಚಿನ ಮನೆಯಲ್ಲಿ ಅಕೌಸ್ಟಿಕ್ ಗಿಟಾರ್ ಧ್ವನಿಮುದ್ರಿಸಲು ಕಡಿಮೆ ಬೆಲೆಯ ಕಂಡೆನ್ಸರ್ ಮೈಕ್ (ಸಣ್ಣ ಸದ್ದನ್ನೂ ಹಿಡಿಯುವಂಥದು) ಕೊಳ್ಳಬೇಕೋ ಡೈನಮಿಕ್ ಮೈಕ್ (ಅಷ್ಟು ಸೂಕ್ಷ್ಮವಲ್ಲದ್ದು) ಕೊಳ್ಳಬೇಕೋ ಎಂದು ಕೇಳಿದ್ದೀರಿ. ತಂತಿಯ ಮೇಲೆ ಬೆರಳು ಜಾರುವ ಸಪ್ಪಳವನ್ನೂ ಬಿಡದೆ ಹಿಡಿಯುವುದು ಸಣ್ಣ ಡಯಾಫ್ರಮ್‌ನ (ಸದ್ದಿಗೆ ಕಂಪಿಸುವ ತೆಳು ಪೊರೆಯ) ಕಂಡೆನ್ಸರ್. ನನ್ನ ಆಯ್ಕೆ ಅದೇ. ಅದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕಿನ ಕೇಬಲ್ ಮೂಲಕವೇ ಹರಿಯುವ ವಿದ್ಯುತ್) ಕೊಡುವ ಆಡಿಯೊ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಸಾಧನ) ಬೇಕು, ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಆಷಾಢದ ಮಳೆ ಹೆಂಚಿನ ಮೇಲೆ ಸುರಿಯುವಾಗ ಇದೇ ಸೂಕ್ಷ್ಮತೆ ತೊಡಕಾಗುತ್ತದೆ ನಿಜ, ಆದರೆ ಡೈನಮಿಕ್ ಮೈಕ್ ಕೂಡ ಆ ಸದ್ದನ್ನು ಪೂರ್ತಿ ತಡೆಯಲಾರದು. ಮಳೆ ಹೊಳವಾಗುವ ಹೊತ್ತಿಗೆ ಕಾಯುವುದೇ ಸರಿ. ಮೈಕನ್ನು ಗಿಟಾರಿನ ಸೌಂಡ್‌ಹೋಲ್‌ಗೆ ನೇರವಾಗಿಡದೆ, 12ನೇ ಫ್ರೆಟ್‌ನತ್ತ (ಫ್ರೆಟ್ ಎಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ) ಒಂದು ಗೇಣು ದೂರದಲ್ಲಿಟ್ಟರೆ ಮಂದ್ರದ ಗುಂಯ್‌ಗುಡುವಿಕೆ ತಗ್ಗುತ್ತದೆ. ನಮ್ಮ ಮಲೆನಾಡಿನ ತೇವಕ್ಕೆ ಕಂಡೆನ್ಸರ್ ಚಟಪಟ ಸದ್ದು ಮಾಡತೊಡಗುವುದುಂಟು. ಬಳಸಿದ ಮೇಲೆ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ.