ಬಾನೆಟ್ ಒಳಗೆ ಬದಲಾದದ್ದು ಪಾಲಿಸಿಯಲ್ಲೂ ಬದಲಾಗಬೇಕು

ವಾಹನ ಅಪಘಾತಗಳ ನಷ್ಟವನ್ನು ಅಂದಾಜು ಮಾಡುವುದು ನನ್ನ ವೃತ್ತಿ. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿಕೊಂಡ ಕಾರುಗಳ ಮಾಲೀಕರಿಂದ ಬರುವ ಪತ್ರಗಳು ಮೇಲ್ನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ ಹೆಚ್ಚಿನವುಗಳ ಒಳಗಿರುವ ಪ್ರಶ್ನೆ ಒಂದೇ: ವಿಮಾ ಕಂಪನಿಗೆ ಹೇಳದೆ ಇದ್ದುಬಿಟ್ಟರೆ ನಡೆಯುತ್ತದೆಯೇ? ಎಷ್ಟು ಸಲ ಉತ್ತರಿಸಿದರೂ ಇದು ಮರಳಿ ಬರುತ್ತಿರುವುದರಿಂದ ಈ ಬಾರಿಯ ಅಂಕಣದ ಬಹುಭಾಗವನ್ನು ಇದಕ್ಕೇ ಮೀಸಲಿಡುತ್ತಿದ್ದೇನೆ.

ಪ್ರಶ್ನೆ: ನನ್ನ ಟರ್ಬೊ ಪೆಟ್ರೋಲ್ ಕಾರಿನ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್ ಮಾಡಿಸಿದ್ದೇನೆ, ಅಂದರೆ ಅದರ ಸಾಫ್ಟ್‌ವೇರನ್ನು ಬದಲಿಸಿ ಶಕ್ತಿ ಹೆಚ್ಚಿಸಿಕೊಂಡಿದ್ದೇನೆ. ಒಂದು ಬಿಡಿಭಾಗವನ್ನೂ ಬದಲಿಸಿಲ್ಲ, ಹೊರಗಿನಿಂದ ನೋಡಿದವರಿಗೆ ಏನೂ ತಿಳಿಯುವುದಿಲ್ಲ. ಅಪಘಾತವಾದರೆ ಮೂಲ ಸಾಫ್ಟ್‌ವೇರನ್ನು ಮರಳಿ ಹಾಕಿಕೊಡುವುದಾಗಿ ಈ ಕೆಲಸ ಮಾಡಿದ ಟ್ಯೂನರ್ ಭರವಸೆ ಕೊಟ್ಟಿದ್ದಾರೆ. ಆದರೂ ಕಂಪನಿಗೆ ತಿಳಿಸಬೇಕೇ?

ತಿಳಿಸಲೇಬೇಕು. ಆ ಟ್ಯೂನರ್ ಕೊಟ್ಟಿರುವ ಭರವಸೆಯನ್ನು ಇವತ್ತೇ ಮರೆತುಬಿಡಿ. ಅಪಘಾತದ ನಂತರ ಸಾಕ್ಷ್ಯವನ್ನು ಅಳಿಸುವ ಕೆಲಸಕ್ಕೆ ಅವರು ನಿಮ್ಮನ್ನು ಈಗಲೇ ಸಿದ್ಧಪಡಿಸುತ್ತಿದ್ದಾರೆ.

ಟರ್ಬೊ ಎಂಜಿನ್ನಿಗೆ ರೀಮ್ಯಾಪ್ ಮಾಡಿದಾಗ ಬೂಸ್ಟ್ ಒತ್ತಡ (ಟರ್ಬೊ ಎಂಜಿನ್ನಿನೊಳಗೆ ತಳ್ಳುವ ಗಾಳಿಯ ಒತ್ತಡ), ಇಂಧನದ ಪ್ರಮಾಣ, ಕಿಡಿ ಹಾರುವ ಸಮಯ, ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ತಯಾರಕರು ಹಾಕಿದ್ದ ಮಿತಿ ಇವೆಲ್ಲ ಬದಲಾಗುತ್ತವೆ. ಶಕ್ತಿಯಲ್ಲಿ ಶೇ. 20ರಿಂದ 30ರಷ್ಟು ಏರಿಕೆ ಸಾಮಾನ್ಯ. ಅಂದರೆ 150 ಅಶ್ವಶಕ್ತಿಯ ಕಾರು ಸಲೀಸಾಗಿ 190ರ ಹತ್ತಿರ ಬರುತ್ತದೆ. ಆದರೆ ಬ್ರೇಕ್, ಟೈರ್, ಕ್ಲಚ್, ಕೂಲಿಂಗ್ ವ್ಯವಸ್ಥೆ ಯಾವುದೂ ಅದರೊಂದಿಗೆ ಬೆಳೆಯುವುದಿಲ್ಲ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 100 ಕಿ.ಮೀ. ವೇಗದಲ್ಲಿ ತಲುಪುತ್ತಿದ್ದ ತಿರುವಿಗೆ ಅದೇ ಕಾರು 140ರಲ್ಲಿ ತಲುಪಿದರೆ ಬ್ರೇಕುಗಳು ನುಂಗಬೇಕಾದ ಶಕ್ತಿ ಹತ್ತಿರಹತ್ತಿರ ಎರಡರಷ್ಟಾಗುತ್ತದೆ. ಪ್ರೀಮಿಯಂ ನಿಗದಿಯಾಗಿದ್ದು ತಯಾರಕರು ಘೋಷಿಸಿದ ಎಂಜಿನ್ ಮತ್ತು ಆ ಮಾದರಿಯ ಕಾರುಗಳ ಕ್ಲೇಮ್ ಇತಿಹಾಸದ ಮೇಲೆ. ನೀವು ಓಡಿಸುತ್ತಿರುವ ಕಾರು ಈಗ ಅದಲ್ಲ.

ಇನ್ನು, ಯಾರಿಗೂ ತಿಳಿಯುವುದಿಲ್ಲ ಎಂಬ ಮಾತು. ಸಣ್ಣಪುಟ್ಟ ಡಿಕ್ಕಿಗಳಲ್ಲಿ ಯಾರೂ ಇಸಿಯು ತೆರೆದು ನೋಡುವುದಿಲ್ಲ ಎನ್ನುವುದು ನಿಜ, ಮತ್ತು ಅದೇ ಮಾಲೀಕರಿಗೆ ಸುಳ್ಳು ಧೈರ್ಯ ತುಂಬುತ್ತದೆ. ಕಾರು ಪೂರ್ಣ ನಷ್ಟವಾದಾಗ ಅಥವಾ ಯಾರಾದರೂ ಗಂಭೀರವಾಗಿ ಗಾಯಗೊಂಡಾಗ ತನಿಖೆಯ ರೀತಿಯೇ ಬೇರೆ. ಇಸಿಯುನಲ್ಲಿರುವ ಸಾಫ್ಟ್‌ವೇರಿನ ಗುರುತಿನ ಸಂಖ್ಯೆಯನ್ನೂ, ಅದು ಬದಲಾಗಿದೆಯೇ ಎಂದು ತೋರಿಸುವ ಪರಿಶೀಲನಾ ಸಂಖ್ಯೆಯನ್ನೂ ತಯಾರಕರ ದಾಖಲೆಯೊಂದಿಗೆ ಹೋಲಿಸಲಾಗುತ್ತದೆ. ಎಷ್ಟು ಸಲ ಹೊಸದಾಗಿ ಬರೆಯಲಾಗಿದೆ ಎಂಬ ಎಣಿಕೆಯನ್ನು ಇಟ್ಟುಕೊಳ್ಳುವ ಇಸಿಯುಗಳೂ ಇವೆ. ಮೂಲ ಫೈಲನ್ನು ಮರಳಿ ಹಾಕಿದರೆ ಅಲ್ಲಿ ಎಣಿಕೆ ಇನ್ನೊಂದು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಇತ್ತೀಚಿನ ಅನೇಕ ಕಾರುಗಳಲ್ಲಿ ಏರ್‌ಬ್ಯಾಗ್ ನಿಯಂತ್ರಣ ಘಟಕವು ಡಿಕ್ಕಿಗೆ ಮುಂಚಿನ ಸುಮಾರು 5 ಸೆಕೆಂಡುಗಳ ವೇಗ, ಆಕ್ಸಿಲರೇಟರ್ ಮತ್ತು ಬ್ರೇಕ್ ಸ್ಥಿತಿಯನ್ನು ದಾಖಲಿಸಿ ಇಟ್ಟುಕೊಂಡಿರುತ್ತದೆ. ಇಷ್ಟಕ್ಕೂ ನಜ್ಜುಗುಜ್ಜಾದ ಕಾರು ಕ್ರೇನಿನಲ್ಲಿ ನೇರವಾಗಿ ಪೊಲೀಸರ ಅಥವಾ ವಿಮಾ ಕಂಪನಿಯ ಅಂಗಳಕ್ಕೆ ಹೋಗಿರುವಾಗ ನಿಮ್ಮ ಟ್ಯೂನರ್ ಲ್ಯಾಪ್‌ಟಾಪ್ ಹಿಡಿದು ಎಲ್ಲಿಗೆ ಬರುತ್ತಾರೆ? ನಿಮ್ಮ ಕಾರನ್ನು ಡೈನೊ (ಶಕ್ತಿಯನ್ನು ಅಳೆಯುವ ಯಂತ್ರ) ಮೇಲೆ ಓಡಿಸಿದ ವಿಡಿಯೊವನ್ನು ಪ್ರಚಾರಕ್ಕಾಗಿ ಹಂಚಿಕೊಂಡವರೂ ಬಹುಶಃ ಅವರೇ ಆಗಿರುತ್ತಾರೆ.

ತಿಳಿಸದೆ ಇದ್ದದ್ದು ಅಜಾಗ್ರತೆಯಿಂದ ಎಂದು ವಾದಿಸಲು ಅವಕಾಶವಿದೆ. ಅಪಘಾತದ ನಂತರ ಸಾಫ್ಟ್‌ವೇರ್ ಬದಲಿಸಿದವರಿಗೆ ಆ ಅವಕಾಶವೂ ಉಳಿಯುವುದಿಲ್ಲ, ಅದು ವಂಚನೆ.

ವಿಮೆ ಮಾಡಿಸುವವನು ತನಗೆ ಮಾತ್ರ ತಿಳಿದಿರುವ ಮುಖ್ಯ ಸಂಗತಿಗಳನ್ನು ಮುಚ್ಚಿಡಬಾರದು ಎಂಬ ತತ್ವ ಕಾರುಗಳಿಗಿಂತ ಹಳೆಯದು. ಸುಮಾತ್ರಾದ ಕೋಟೆಯೊಂದರ ವಿಮೆಗೆ ಸಂಬಂಧಿಸಿದ ಕಾರ್ಟರ್ ಮತ್ತು ಬೋಹ್ಮ್ ನಡುವಿನ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ 1766ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದರು. ಆ ಮೊಕದ್ದಮೆಯಲ್ಲಿ ಗೆದ್ದವನು ವಿಮೆ ಮಾಡಿಸಿದವನೇ ಎಂಬುದನ್ನು ಹಿಡಿದುಕೊಂಡು ವಾದಿಸುವವರಿದ್ದಾರೆ. ಅವನು ಗೆದ್ದದ್ದು, ವಿಮೆ ನೀಡಿದವನು ಆ ಸಂಗತಿಗಳನ್ನು ತಾನೇ ತಿಳಿದುಕೊಳ್ಳಬಹುದಾಗಿತ್ತು ಎಂಬ ಕಾರಣಕ್ಕೆ. ನಿಮ್ಮ ಇಸಿಯು ಒಳಗಿರುವ ಫೈಲನ್ನು ಯಾವ ವಿಮಾ ಕಂಪನಿಯೂ ತಾನಾಗಿ ತಿಳಿದುಕೊಳ್ಳಲಾರದು.

ನಿಂತಿದ್ದ ನನ್ನ ಕಾರಿಗೆ ಬೇರೆ ಯಾರೋ ಹಿಂದಿನಿಂದ ಬಂದು ಗುದ್ದಿದರೆ ರೀಮ್ಯಾಪಿಗೂ ಅದಕ್ಕೂ ಏನು ಸಂಬಂಧ ಎಂದು ಮುಂದಿನ ಪತ್ರದಲ್ಲಿ ಕೇಳುವಿರಿ ಎಂದು ಬಲ್ಲೆ. ನಷ್ಟಕ್ಕೆ ಏನು ಕಾರಣ ಎಂಬುದು ಒಂದು ಪ್ರಶ್ನೆ, ಒಪ್ಪಂದವೇ ಸರಿಯಾದ ಮಾಹಿತಿಯ ಮೇಲೆ ನಿಂತಿದೆಯೇ ಎಂಬುದು ಇನ್ನೊಂದು. ದೇಶದಿಂದ ದೇಶಕ್ಕೆ ಕಾನೂನು ಬೇರೆಯಾಗುತ್ತದೆ: ಕೆಲವೆಡೆ ಕಂಪನಿ ಪಾಲಿಸಿಯನ್ನೇ ಅಮಾನ್ಯಗೊಳಿಸಬಹುದು, ಇನ್ನು ಕೆಲವೆಡೆ, ಕಟ್ಟಬೇಕಾಗಿದ್ದ ಪ್ರೀಮಿಯಮಿನ ಮುಕ್ಕಾಲು ಭಾಗವನ್ನಷ್ಟೇ ಕಟ್ಟಿದ್ದವರಿಗೆ ಪರಿಹಾರವೂ ಮುಕ್ಕಾಲು ಭಾಗವೇ ಸಿಗುತ್ತದೆ. ಯಾವ ಪದ್ಧತಿಯಲ್ಲೂ ಮುಚ್ಚಿಟ್ಟವರಿಗೆ ಲಾಭವಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಮೂರನೇ ವ್ಯಕ್ತಿಯ ವಿಚಾರ. ನಿಮ್ಮ ಕಾರು ಮತ್ತೊಬ್ಬರನ್ನು ಗಾಯಗೊಳಿಸಿದಾಗ, ಪಾಲಿಸಿಯಲ್ಲಿ ದೋಷವಿದ್ದರೂ ಗಾಯಾಳುವಿಗೆ ಕಂಪನಿಯೇ ಮೊದಲು ಹಣ ಕೊಡಬೇಕು ಎಂದು ಅನೇಕ ದೇಶಗಳ ಕಾನೂನು ಹೇಳುತ್ತದೆ. ಗಾಯಾಳುವಿನ ದೃಷ್ಟಿಯಿಂದ ಅದು ನ್ಯಾಯ. ಆದರೆ ಹಾಗೆ ಕೊಟ್ಟ ಹಣವನ್ನು ಮಾಲೀಕನಿಂದ ವಸೂಲು ಮಾಡುವ ಹಕ್ಕು ಕಂಪನಿಗೆ ಸಿಗುವ ಸಂದರ್ಭಗಳಿವೆ. ಶಾಶ್ವತ ಅಂಗವೈಕಲ್ಯದ ಪರಿಹಾರದ ಮುಂದೆ ನಿಮ್ಮ ಕಾರಿನ ಬೆಲೆ ಏನೇನೂ ಅಲ್ಲ; ಮನೆ, ಉಳಿತಾಯ, ಮುಂದಿನ ಸಂಪಾದನೆ ಎಲ್ಲವೂ ಅದಕ್ಕೆ ಹೋಗಬಹುದು. ಪ್ರೀಮಿಯಮಿನಲ್ಲಿ ಉಳಿಯುವ ವ್ಯತ್ಯಾಸಕ್ಕಾಗಿ ಇಷ್ಟನ್ನು ಪಣಕ್ಕಿಡುವ ಧೈರ್ಯ ನನಗಂತೂ ಇಲ್ಲ.

ಆದ್ದರಿಂದ ಮಾರ್ಪಾಡಿನ ಕೆಲಸ ಮಾಡಿಸುವ ಮೊದಲೇ ಕಂಪನಿಗೆ ಬರೆಯಿರಿ. ಏನು ಬದಲಾಗಲಿದೆ, ಯಾರು ಮಾಡುತ್ತಾರೆ, ಶಕ್ತಿ ಎಷ್ಟಿತ್ತು, ಎಷ್ಟಾಗುತ್ತದೆ ಎಂಬುದನ್ನು ಸ್ಪಷ್ಟವಾಗಿ ತಿಳಿಸಿ. ಅವರು ಅದೇ ಪ್ರೀಮಿಯಮಿಗೆ ಒಪ್ಪಬಹುದು, ಹೆಚ್ಚಿನ ಪ್ರೀಮಿಯಂ ಅಥವಾ ಷರತ್ತುಗಳೊಂದಿಗೆ ಒಪ್ಪಬಹುದು, ಇಲ್ಲವೇ ನಿರಾಕರಿಸಬಹುದು. ನಿರಾಕರಿಸಿದರೆ ಮಾರ್ಪಡಿಸಿದ ಕಾರುಗಳಿಗೆ ವಿಮೆ ನೀಡುವ ಬೇರೊಂದು ಕಂಪನಿಯನ್ನು ಹುಡುಕಿ. ಒಪ್ಪಿಗೆ ಪಾಲಿಸಿಯಲ್ಲೇ ನಮೂದಾಗುವವರೆಗೆ ಕೆಲಸ ಶುರುಮಾಡಿಸಬೇಡಿ. ನೋಂದಣಿ ಪ್ರಾಧಿಕಾರದ ಅನುಮತಿ ಬೇರೆಯದೇ ವಿಷಯ. ವಿಮಾ ಕಂಪನಿ ಒಪ್ಪಿದ ಮಾತ್ರಕ್ಕೆ ಕಾನೂನುಬಾಹಿರ ಮಾರ್ಪಾಡು ಸಕ್ರಮವಾಗುವುದಿಲ್ಲ.

ಪ್ರಶ್ನೆ: ದೊಡ್ಡ ಟರ್ಬೊ, ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಭಾಗ), ಕಾಯಿಲೋವರ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಜೋಡಣೆಯಲ್ಲಿರುವ) ಸಸ್ಪೆನ್ಷನ್ ಹಾಕಿಸಿ ಎಲ್ಲವನ್ನೂ ಘೋಷಿಸಿದ್ದೇನೆ. ಕಾರು ಕಳುವಾದರೆ ಅವುಗಳ ಬೆಲೆಯೂ ಸಿಗುತ್ತದೆಯಲ್ಲವೇ?

ಘೋಷಿಸಿದ್ದೀರಿ ಎಂಬುದಷ್ಟರಿಂದಲೇ ಸಿಗುವುದಿಲ್ಲ. ಮಾರ್ಪಾಡನ್ನು ಒಪ್ಪಿಕೊಂಡೂ ಮೂಲ ಬಿಡಿಭಾಗಗಳ ಬೆಲೆಯನ್ನು ಮಾತ್ರ ಕೊಡುವ ಪಾಲಿಸಿಗಳಿವೆ. ಹಾನಿಯಾದ ಭಾಗಕ್ಕೆ ಅದೇ ಬಗೆಯ ಭಾಗ ಹಾಕಿಸಿಕೊಡುತ್ತೀರಾ ಎಂದು ಲಿಖಿತವಾಗಿ ಕೇಳಿ. ಮಾರುಕಟ್ಟೆ ಬೆಲೆಯ ಆಧಾರದ ಪಾಲಿಸಿಯಲ್ಲಿ ನೀವು ಖರ್ಚು ಮಾಡಿದ ಹಣಕ್ಕೆ ನಾವು ಅಂದಾಜು ಮಾಡುವವರು ಮಹತ್ವ ಕೊಡಲಾಗುವುದಿಲ್ಲ, ಏಕೆಂದರೆ ಮಾರ್ಪಡಿಸಿದ ಕಾರನ್ನು ಕೊಳ್ಳುವವರು ಆ ಖರ್ಚಿಗೆ ತಕ್ಕ ಬೆಲೆ ಕೊಡುವುದು ಅಪರೂಪ. ಮೊತ್ತವನ್ನು ಮೊದಲೇ ಇಬ್ಬರೂ ಒಪ್ಪಿ ನಿಗದಿಪಡಿಸುವ ಪಾಲಿಸಿ ಸಿಕ್ಕರೆ ಅದನ್ನೇ ಆರಿಸಿ. ಬಿಲ್ಲು, ಭಾಗಗಳ ಸಂಖ್ಯೆ, ಫೋಟೊ, ಡೈನೊ ವರದಿ ಎಲ್ಲವನ್ನೂ ಮನೆಯಲ್ಲಿಡಿ. ಅವುಗಳನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಇಟ್ಟು, ಕಾರಿನೊಂದಿಗೆ ಕಳೆದುಕೊಂಡವರನ್ನು ಕಂಡಿದ್ದೇನೆ.

ಪ್ರಶ್ನೆ: ಏಜೆಂಟರಿಗೆ ಫೋನಿನಲ್ಲಿ ಹೇಳಿದ್ದೇನೆ. ಸಾಲದೇ?

ಸಾಲದು.

ಪ್ರಶ್ನೆ: ದೊಡ್ಡ ಬ್ರೇಕ್ ಹಾಕಿಸುವುದರಿಂದ ಸುರಕ್ಷತೆ ಹೆಚ್ಚುತ್ತದೆ. ಅದನ್ನೂ ಹೇಳಬೇಕೇ?

ಹೇಳಬೇಕು, ಯಾವ ಬದಲಾವಣೆ ಮುಖ್ಯ ಎಂಬುದನ್ನು ತೀರ್ಮಾನಿಸುವ ಕೆಲಸವನ್ನು ನೀವು ವಹಿಸಿಕೊಳ್ಳಬೇಡಿ.

ಪ್ರಶ್ನೆ: ರೇಸ್ ಟ್ರ್ಯಾಕಿನಲ್ಲಿ ಒಂದು ದಿನ ಓಡಿಸಲು ನನ್ನ ಸಮಗ್ರ ವಿಮೆ ಸಾಕೇ?

ಬಹುತೇಕ ಪಾಲಿಸಿಗಳು ಟ್ರ್ಯಾಕನ್ನು ಹೆಸರಿಸಿಯೇ ಹೊರಗಿಟ್ಟಿರುತ್ತವೆ. ಆ ದಿನಕ್ಕೆಂದೇ ಪ್ರತ್ಯೇಕ ವಿಮೆ ಪಡೆಯಿರಿ, ಇಲ್ಲವೇ ಹೋಗಬೇಡಿ.

ಪ್ರಶ್ನೆ: ಕೊಂಡ ಹಳೆಯ ಕಾರು ಮೊದಲೇ ಟ್ಯೂನ್ ಆಗಿತ್ತು ಎಂದು ಎರಡು ವರ್ಷಗಳ ನಂತರ ಗೊತ್ತಾಗಿದೆ. ಈಗ ಹೇಳಿದರೆ ನಾನೇ ಸಿಕ್ಕಿಬೀಳುವುದಿಲ್ಲವೇ?

ನಿಮಗೆ ತಿಳಿಯದಿದ್ದ ಸಂಗತಿಯನ್ನು ಮುಚ್ಚಿಟ್ಟಿರಿ ಎಂದು ಸಾಬೀತುಪಡಿಸುವುದು ಕಷ್ಟ. ತಿಳಿದ ಮೇಲೂ ಸುಮ್ಮನಿದ್ದರೆ ನಿಮ್ಮ ಪರವಾಗಿ ಹೇಳಲು ಏನೂ ಉಳಿಯುವುದಿಲ್ಲ. ಯಾವಾಗ, ಯಾವ ವರ್ಕ್‌ಶಾಪಿನಲ್ಲಿ, ಹೇಗೆ ಗೊತ್ತಾಯಿತು ಎಂಬುದನ್ನು ದಿನಾಂಕಸಹಿತ ಬರೆದು ಈ ವಾರವೇ ಕಂಪನಿಗೆ ಕಳುಹಿಸಿ, ವರ್ಕ್‌ಶಾಪಿನ ವರದಿಯನ್ನೂ ಲಗತ್ತಿಸಿ. ಉತ್ತರ ಬರುವವರೆಗೆ ಕಾರನ್ನು ರಸ್ತೆಗೆ ಇಳಿಸಬೇಡಿ. ಅವರು ಮಾರ್ಪಾಡನ್ನು ಒಪ್ಪದಿದ್ದರೆ, ತಯಾರಕರ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಮೂಲ ಸಾಫ್ಟ್‌ವೇರನ್ನು ಹಾಕಿಸಿ, ಹಾಗೆ ಮಾಡಿದ ಬಗ್ಗೆ ಸಹಿ ಇರುವ ಪತ್ರವನ್ನು ಪಡೆದು, ಅದರ ಪ್ರತಿಯನ್ನು ಕಂಪನಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.