ಅನುಮತಿಗೆ ಮುನ್ನ ಮಗುವನ್ನು ಸಾಕುತ್ತಿರುವವರೊಡನೆ ಮಾತನಾಡಬಹುದೇ?

ಬೇರೆ ದೇಶದಿಂದ ನೀವು ದತ್ತು ಪಡೆಯಲಿರುವ ನಾಲ್ಕು ವರ್ಷದ ಮಗುವಿನ ಭಾವಚಿತ್ರ, ವೈದ್ಯಕೀಯ ವರದಿ ಕೈಸೇರಿವೆ, ದತ್ತುವಿನ ಅಂತಿಮ ಅನುಮತಿಗೆ ಮೊದಲೇ ಅದನ್ನು ಸಾಕುತ್ತಿರುವವರಿಗೆ ನೇರವಾಗಿ ಕರೆ ಮಾಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಮಾಡಬೇಡಿ. ನಿಮ್ಮ ದೇಶ, ಮಗುವಿನ ದೇಶ ಎರಡೂ 1993ರ ಹೇಗ್ ದತ್ತು ಒಡಂಬಡಿಕೆಗೆ (ದೇಶ-ದೇಶಗಳ ನಡುವಿನ ದತ್ತು ಕುರಿತ ಅಂತರರಾಷ್ಟ್ರೀಯ ಒಪ್ಪಂದ) ಸೇರಿದ್ದರೆ, ಅದರ 29ನೇ ವಿಧಿಯಂತೆ, ಮಗು ದತ್ತುವಿಗೆ ಅರ್ಹವೆಂದೂ, ಅಗತ್ಯವಾದ ಒಪ್ಪಿಗೆಗಳು ಹಣದ ಆಮಿಷವಿಲ್ಲದೆ ದೊರೆತಿವೆಯೆಂದೂ, ನೀವು ದತ್ತು ಪಡೆಯಲು ಯೋಗ್ಯರೆಂದೂ ಆಯಾ ದೇಶದ ಅಧಿಕಾರಿಗಳು ಖಚಿತಪಡಿಸುವವರೆಗೆ ಹೆತ್ತವರೊಡನಾಗಲಿ ಸಾಕುವವರೊಡನಾಗಲಿ ಸಂಪರ್ಕ ಇಟ್ಟುಕೊಳ್ಳುವಂತಿಲ್ಲ. ಕುಟುಂಬದೊಳಗಿನ ದತ್ತು ಮತ್ತು ಸಕ್ಷಮ ಪ್ರಾಧಿಕಾರ ವಿಧಿಸಿದ ಷರತ್ತಿಗೆ ಒಳಪಟ್ಟ ಸಂಪರ್ಕ ಮಾತ್ರ ಇದಕ್ಕೆ ಹೊರತು. ನಿಮ್ಮ ಸದುದ್ದೇಶವನ್ನು ಯಾರೂ ಅನುಮಾನಿಸುವುದಿಲ್ಲ, ಆದರೆ ಒಂದು ಕರೆಯೂ ಮುಂದೆ ಕಡತಕ್ಕೆ ತೊಡಕಾದೀತು.

ಕೇಳಬೇಕಾದುದನ್ನು ದತ್ತು ಸಂಸ್ಥೆಯ ಮೂಲಕ ಬರೆದು ಕೇಳಿ: ಮಗು ಹೇಗೆ ನಿದ್ದೆಹೋಗುತ್ತದೆ, ಕತ್ತಲೆಗೆ ಹೆದರುತ್ತದೆಯೇ, ಯಾವ ಹೆಸರಿಗೆ ಓಗೊಡುತ್ತದೆ. (ಆ ಹೆಸರನ್ನು ಬದಲಿಸುವ ಆತುರ ಬೇಡವೆಂಬುದು ನನ್ನ ಅಭಿಪ್ರಾಯ.) ವೈದ್ಯಕೀಯ ವರದಿಯನ್ನು ಮಕ್ಕಳ ತಜ್ಞರಿಗೆ ತೋರಿಸಿಯೇ ಒಪ್ಪಿಗೆ ಕೊಡಿ. ನೀರು, ನೋವು, ಹಸಿವು, ಶೌಚ, ‘ನಾನಿಲ್ಲೇ ಇದ್ದೇನೆ’ ಎಂಬಷ್ಟನ್ನಾದರೂ ಮಗುವಿನ ಭಾಷೆಯಲ್ಲಿ ಮನೆಯವರೆಲ್ಲರೂ ಕಲಿಯಿರಿ. ಮೊದಲ ರಾತ್ರಿ ಅಲಂಕರಿಸಿದ ಕೋಣೆಗಿಂತ ಈ ಮಾತುಗಳೇ ಉಪಯೋಗಕ್ಕೆ ಬರುತ್ತವೆ. ಮಗು ತರುವ ಹಳೆಯ ಹೊದಿಕೆಯನ್ನು, ಎಷ್ಟೇ ಮಾಸಿದ್ದರೂ, ಕೂಡಲೇ ಒಗೆಯಬೇಡಿ, ಏಕೆಂದರೆ ಅದಕ್ಕೆ ಪರಿಚಿತವಾದ ವಾಸನೆ ಉಳಿದಿರುವುದು ಅದರಲ್ಲೇ.

ದತ್ತು ಪೂರ್ಣಗೊಂಡಾಗ ಅದು ಒಡಂಬಡಿಕೆಯಂತೆ ನಡೆದಿದೆಯೆಂದು ದೃಢೀಕರಿಸುವ 23ನೇ ವಿಧಿಯ ಪ್ರಮಾಣಪತ್ರವನ್ನು ಮರೆಯದೆ ಕೇಳಿ ಪಡೆಯಿರಿ; ಒಡಂಬಡಿಕೆಯ ಇತರ ದೇಶಗಳಲ್ಲಿ ದತ್ತು ಮಾನ್ಯವಾಗುವುದು ಅದರ ಆಧಾರದ ಮೇಲೆ.