ಓದುಗರ ಪ್ರಶ್ನೆ: ವಾರ್ಡಿನಿಂದ ದಿಲ್ಲಿಯವರೆಗೆ

ಈ ತಿಂಗಳು ಬಂದ ಪತ್ರಗಳಲ್ಲಿ ಊರಿನ ಚುನಾವಣೆಗಳ ಬಗ್ಗೆಯೇ ಜಾಸ್ತಿ ಪ್ರಶ್ನೆಗಳಿದ್ದವು. ಪುರಸಭೆಗಳಲ್ಲಿ ಮುಖ್ಯಾಧಿಕಾರಿಯಾಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಈ ವಿಷಯ ಬಂದರೆ ಮಾತು ಉದ್ದವಾಗುತ್ತದೆ. ಆದ್ದರಿಂದ ಈ ಸಲ ಪೂರ್ತಿ ಜಾಗ ಇದಕ್ಕೇ.

ಪ್ರಶ್ನೆ: ಬಿ.ಎ. ಮುಗಿಸಿದ್ದೇನೆ, 22 ವರ್ಷ. ಪುರಸಭೆ ಚುನಾವಣೆಗೆ ನಿಲ್ಲಬೇಕು ಅಂತ ಆಸೆ. "ಚರಂಡಿ ರಾಜಕೀಯ ಅದು, ಅಲ್ಲಿಂದ ಯಾವ ಹುಡುಗಿ ಮೇಲೆ ಬಂದಿದ್ದಾಳೆ?" ಅಂತ ಅಪ್ಪ ಬೈಯುತ್ತಾರೆ. ನಿಜವಾಗಿ ಯಾರಾದರೂ ಬಂದಿದ್ದಾರಾ ಸರ್?
— ಓದುಗರೊಬ್ಬರು, ಹಾವೇರಿ

ಉತ್ತರ: ಬಂದಿದ್ದಾರಮ್ಮ. ಹುಡುಗಿ ಅಂತ ಅಪ್ಪ ಕೇಳಿದ್ದರಿಂದ ಮೊದಲು ಆ ಹೆಸರನ್ನೇ ಹೇಳುತ್ತೇನೆ. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯಲ್ಲಿ ರಾಯರಂಗಪುರ ಅಂತ ಒಂದು ಸಣ್ಣ ಪಟ್ಟಣ. ಅಲ್ಲಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ದ್ರೌಪದಿ ಮುರ್ಮು 1997ರಲ್ಲಿ ಆ ಊರಿನ ನಗರ ಪಂಚಾಯಿತಿಗೆ ಕೌನ್ಸಿಲರ್ ಆಗಿ ಗೆದ್ದರು. ಪಟ್ಟಣದ ಆಡಳಿತದಲ್ಲಿ ಹೆಣ್ಣುಮಕ್ಕಳಿಗೆ ಮೂರನೇ ಒಂದು ಭಾಗ ಸ್ಥಾನ ಕೊಟ್ಟ ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದು ಆಗ ನಾಲ್ಕೇ ವರ್ಷ. 2000ದಲ್ಲಿ ಶಾಸಕಿ, 2015ರಲ್ಲಿ ಜಾರ್ಖಂಡ್ ರಾಜ್ಯಪಾಲೆ, 2022ರ ಜುಲೈ 25ಕ್ಕೆ ರಾಷ್ಟ್ರಪತಿ. ನಡುವೆ 2009ರ ಚುನಾವಣೆಯಲ್ಲಿ ಸೋತಿದ್ದರು ಅನ್ನುವುದನ್ನೂ ಅಪ್ಪನಿಗೆ ಹೇಳಿ.

ಇನ್ನು ನಮ್ಮವರೇ ಒಬ್ಬರಿದ್ದಾರೆ. ಅವರನ್ನು ನಾವು ಇಷ್ಟು ಬೇಗ ಮರೆತಿದ್ದು ನನಗೆ ನಿಜಕ್ಕೂ ಬೇಜಾರು. ಜಮಖಂಡಿ ತಾಲ್ಲೂಕು ಸಾವಳಗಿಯ ಬಿ.ಡಿ. ಜತ್ತಿ. ಕೊಲ್ಹಾಪುರದಲ್ಲಿ ಕಾನೂನು ಓದಿ ಬಂದು ಜಮಖಂಡಿಯಲ್ಲಿ ವಕೀಲಿ ಮಾಡುತ್ತಿದ್ದರು. 1940ರಲ್ಲಿ ಅಲ್ಲಿನ ಪುರಸಭೆ ಸದಸ್ಯರಾದರು, 1945ರಲ್ಲಿ ಅಧ್ಯಕ್ಷರಾದರು. ಜಮಖಂಡಿ ಆಗ ಪಟವರ್ಧನ ಮನೆತನದ ಸಂಸ್ಥಾನ. ಪುರಸಭೆಯಿಂದ ಸಂಸ್ಥಾನದ ಮಂತ್ರಿಗಿರಿಗೆ ಹೋದರು. 1948ರಲ್ಲಿ ಸಂಸ್ಥಾನ ವಿಲೀನವಾದ ಮೇಲೆ ಮುಂಬೈ ಶಾಸನಸಭೆ, ಅಲ್ಲಿ ಉಪಮಂತ್ರಿ. ಏಕೀಕರಣದ ಬಳಿಕ ಮೈಸೂರು ರಾಜ್ಯ. ಗೇಣಿ ಮತ್ತು ಭೂಸುಧಾರಣೆಯ ಸಮಿತಿಗೆ ಅವರೇ ಅಧ್ಯಕ್ಷರು. 1961ರ ಭೂಸುಧಾರಣಾ ಕಾಯ್ದೆಯ ಬೇರು ಆ ಸಮಿತಿಯ ವರದಿಯಲ್ಲಿದೆ. 1958ರಿಂದ 1962ರವರೆಗೆ ಮುಖ್ಯಮಂತ್ರಿ. 1974ರಲ್ಲಿ ಉಪರಾಷ್ಟ್ರಪತಿ.

1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. ಹಂಗಾಮಿ ರಾಷ್ಟ್ರಪತಿಯಾಗಿ ಜುಲೈ ತಿಂಗಳವರೆಗೆ ದೇಶದ ಮೊದಲ ಕುರ್ಚಿಯಲ್ಲಿ ಕೂತವರು ಜತ್ತಿ. ತುರ್ತುಪರಿಸ್ಥಿತಿ ಮುಗಿದು ಮೊರಾರ್ಜಿ ದೇಸಾಯಿ ಪ್ರಧಾನಿಯಾದಾಗ ಪ್ರಮಾಣವಚನ ಬೋಧಿಸಿದ್ದು ಅವರೇ. ಆಮೇಲೆ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಕಾಗದ ಸಹಿಗೆ ಬಂತು. ತಕ್ಷಣ ಸಹಿ ಹಾಕಲಿಲ್ಲ, ತಡೆದರು, ಕೊನೆಗೆ ಹಾಕಿದರು. ಆ ತಡವನ್ನು ಬೈದವರಿದ್ದಾರೆ. ನಾನು ಬೈಯಲಾರೆ. ಆಯ್ಕೆಯಾಗಿ ಬಂದ ಸದಸ್ಯರ ಸಭೆಯನ್ನು ಒಂದು ಸಹಿಯಲ್ಲಿ ಮನೆಗೆ ಕಳಿಸುವಾಗ, ಅಂಥದೇ ಒಂದು ಸಣ್ಣ ಸಭೆಯಲ್ಲಿ ಕೂತು ಬಂದವರ ಕೈ ಸ್ವಲ್ಪ ತಡೆಯಬೇಕಾದದ್ದೇ.

ಚರಂಡಿ ರಾಜಕೀಯ ಅಂದರಲ್ಲ ಅಪ್ಪ, ಚರಂಡಿ ಕಟ್ಟಿಕೊಂಡು ನೀರು ನಿಂತರೆ ಸೊಳ್ಳೆ ಬರುತ್ತದೆ, ರೋಗ ಬರುತ್ತದೆ. ಅದಕ್ಕಿಂತ ದೊಡ್ಡ ರಾಜಕೀಯ ಯಾವುದು ಅಂತ ಅವರನ್ನೇ ಕೇಳಿ. 21 ತುಂಬಿದೆ, ನಿಲ್ಲಿ.

ಪ್ರಶ್ನೆ: ಪಟೇಲ್, ನೆಹರೂ, ರಾಜೇಂದ್ರ ಪ್ರಸಾದ್ ಎಲ್ಲರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಪುರಸಭೆ ಅಧ್ಯಕ್ಷರಾಗಿದ್ದರು ಅಂತ ಓದಿದೆ. ಇದು ಕಾಕತಾಳೀಯವೇ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಅಲ್ಲ ಮೇಷ್ಟ್ರೇ. 1919ರ ಕಾಯ್ದೆಯಲ್ಲಿ ಬ್ರಿಟಿಷರು ಸ್ಥಳೀಯ ಆಡಳಿತದ ಖಾತೆಯನ್ನು ಪ್ರಾಂತಗಳ ಭಾರತೀಯ ಮಂತ್ರಿಗಳಿಗೆ ಬಿಟ್ಟರು. ಮತದಾರರ ಸಂಖ್ಯೆಯೂ ಹೆಚ್ಚಿತು. 1922ರಲ್ಲಿ ಗಾಂಧೀಜಿ ಅಸಹಕಾರ ಚಳವಳಿ ನಿಲ್ಲಿಸಿ ಜೈಲಿಗೆ ಹೋದರು. ಕಾರ್ಯಕರ್ತರ ಕೈಗೆ ಕೆಲಸ ಬೇಕಿತ್ತು. ಶಾಸನಸಭೆಗೆ ಹೋಗಬೇಕೋ ಬೇಡವೋ ಅಂತ ಕಾಂಗ್ರೆಸ್ಸಿನಲ್ಲೇ ಜಗಳ. ಬೇಡ ಅಂದವರಿಗೂ ಪುರಸಭೆ ಬೇಕಾಗಿತ್ತು. ಹೀಗೆ 1923ರಲ್ಲಿ ಅಲಹಾಬಾದಿಗೆ ನೆಹರೂ, 1924ರಲ್ಲಿ ಅಹಮದಾಬಾದಿಗೆ ಪಟೇಲ್, ಪಾಟ್ನಾಕ್ಕೆ ರಾಜೇಂದ್ರ ಪ್ರಸಾದ್. ಅದೇ ವರ್ಷ ಕಲ್ಕತ್ತೆಗೆ ಚಿತ್ತರಂಜನ ದಾಸ್ ಮೇಯರ್, 27ರ ಹರೆಯದ ಸುಭಾಷ್ ಬೋಸ್ ಪಾಲಿಕೆಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ. ರಾಜಾಜಿ ಇವರೆಲ್ಲರಿಗಿಂತ ಮೊದಲು, 1917ರಲ್ಲೇ ಸೇಲಂ ಪುರಸಭೆಯ ಅಧ್ಯಕ್ಷರಾಗಿದ್ದರು.

ಇವರಲ್ಲಿ ನನ್ನ ಮನಸ್ಸು ಹೋಗುವುದು ಪಟೇಲರ ಕಡೆ. ನೆಹರೂ ಎರಡು ವರ್ಷದ ಆಸುಪಾಸಿನಲ್ಲಿ ಬಿಟ್ಟರು. ಪಟೇಲ್ 1917ರಲ್ಲಿ ಸದಸ್ಯರಾಗಿ ಹೊಕ್ಕು 1928ರವರೆಗೆ ಆ ಪುರಸಭೆಯ ಜೊತೆಗಿದ್ದರು. ಹೊಕ್ಕ ವರ್ಷವೇ ನೈರ್ಮಲ್ಯ ಸಮಿತಿ ಕೈಗೆ ಬಂತು, ಊರಿಗೆ ಪ್ಲೇಗೂ ಬಂತು. ಶಾಲೆ, ಕೋರ್ಟು ಮುಚ್ಚಿದವು. ಅನುಕೂಲವಿದ್ದವರು ಊರು ಖಾಲಿ ಮಾಡಿದರು. ಒಳ್ಳೆ ಗಳಿಕೆಯ ಬ್ಯಾರಿಸ್ಟರ್ ಪಟೇಲರೂ ಹೋಗಬಹುದಿತ್ತು. ಹೋಗಲಿಲ್ಲ. ಗಲ್ಲಿ ಗಲ್ಲಿ ತಿರುಗಿ ಮೋರಿ ತೊಳೆಸಿದರು, ಔಷಧಿ ಹೊಡೆಸಿದರು. 1927ರಲ್ಲಿ ಗುಜರಾತಿಗೆ ದೊಡ್ಡ ನೆರೆ ಬಂದಾಗ ಅವರೇ ಅಧ್ಯಕ್ಷರು. ಮರುವರ್ಷ ಬಾರ್ಡೋಲಿ ರೈತರ ಹೋರಾಟ. ಊರೂರಿಗೆ ಜನರನ್ನು ನೇಮಿಸಿ, ದಿನದ ಸುದ್ದಿ ದಿನವೇ ತರಿಸಿ ನಡೆಸಿದ ಆ ಕರನಿರಾಕರಣೆಯಲ್ಲಿ ನನಗೆ ಒಬ್ಬ ಒಳ್ಳೆ ಪುರಸಭಾಧ್ಯಕ್ಷನ ಕೈ ಕಾಣುತ್ತದೆ. ಐನೂರಕ್ಕೂ ಹೆಚ್ಚು ಸಂಸ್ಥಾನಗಳನ್ನು ಸೇರಿಸಿದವರು ಅನ್ನುತ್ತೇವೆ. ಅದಕ್ಕೂ ಮೊದಲು ಅವರು ಮನೆಗಂದಾಯ, ನೀರಿನ ಕೊಳವೆಯ ತಕರಾರು ಬಗೆಹರಿಸಿದ್ದವರು.

ಪ್ರಶ್ನೆ: ದೇವೇಗೌಡರೂ ತಾಲ್ಲೂಕು ಬೋರ್ಡಿನಲ್ಲಿದ್ದರಂತೆ, ಹೌದಾ?
— ಓದುಗರು, ಹಾಸನ

ಉತ್ತರ: ಹೌದು. ಸಿವಿಲ್ ಡಿಪ್ಲೊಮಾ ಮಾಡಿ ಗುತ್ತಿಗೆ ಕೆಲಸ ಮಾಡುತ್ತಿದ್ದವರು. ಹೊಳೆನರಸೀಪುರದ ಆಂಜನೇಯ ಸಹಕಾರ ಸಂಘದ ಅಧ್ಯಕ್ಷತೆ, ತಾಲ್ಲೂಕು ಅಭಿವೃದ್ಧಿ ಮಂಡಳಿಯ ಸದಸ್ಯತ್ವ, ಆಮೇಲೆ 1962ರಲ್ಲಿ ಪಕ್ಷೇತರರಾಗಿ ವಿಧಾನಸಭೆ. 1996ರ ಜೂನ್ 1ಕ್ಕೆ ಪ್ರಧಾನಿ. ಸಂಸತ್ತಿನಲ್ಲಿ ಮಹಿಳಾ ಮೀಸಲಾತಿಯ ಮಸೂದೆ ಮೊದಲು ಮಂಡನೆಯಾದದ್ದು ಅದೇ ವರ್ಷ ಸೆಪ್ಟೆಂಬರಿನಲ್ಲಿ, ಅವರ ಸರ್ಕಾರದಿಂದ. ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿಗಳಲ್ಲಿ ಹೆಣ್ಣುಮಕ್ಕಳಿಗೆ ಶೇ. 25 ಸ್ಥಾನ ಕೊಟ್ಟ 1983ರ ಕಾಯ್ದೆ ನಮ್ಮ ರಾಜ್ಯದ್ದೇ. ಪಂಚಾಯಿತಿ ಖಾತೆಯ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ತಂದದ್ದು. ಆಗ ಸಚಿವ ಸಂಪುಟದಲ್ಲಿ ದೇವೇಗೌಡರೂ ಇದ್ದರು.

ಪ್ರಶ್ನೆ: ಇಂದಿರಾ ಗಾಂಧಿ, ಮನಮೋಹನ ಸಿಂಗ್ ಯಾವ ವಾರ್ಡಿಗೂ ನಿಂತವರಲ್ಲ. ಹಾಗಾದರೆ ಈ ಮೆಟ್ಟಿಲು ಬೇಕೇಬೇಕಾ?
— ಓದುಗರು, ಬೆಂಗಳೂರು

ಉತ್ತರ: ಬೇಕೇಬೇಕು ಅಂತ ಹೇಳಲಾರೆ. ಆದರೆ ಆ ಬಾಗಿಲನ್ನು ಮುಚ್ಚಬಾರದು. ನಿಮ್ಮ ಊರಿನದೇ ನೋಡಿ. 2015ರಲ್ಲಿ ಆಯ್ಕೆಯಾದ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕೋಟಿ ದಾಟಿದ ಜನರ ಊರಿನಲ್ಲಿ ಒಂದು ತಲೆಮಾರಿನ ಹುಡುಗ ಹುಡುಗಿಯರಿಗೆ ರಾಜಕೀಯ ಕಲಿಯುವ ಜಾಗವೇ ಇಲ್ಲದಂತೆ ಮಾಡಿದರು. ಆ ಜಾಗದಲ್ಲಿ ಯಾರ ಮಕ್ಕಳು ಬಂದು ಕೂರುತ್ತಾರೆ ಅಂತ ನಿಮಗೇ ಗೊತ್ತಲ್ವಾ?

ಪ್ರಶ್ನೆ: ಗ್ರಾಮ ಪಂಚಾಯಿತಿಗೆ ಗೆದ್ದು ಬಂದಿದ್ದೇನೆ. ಸಭೆಯಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲ. ಸುಮ್ನೆ ಸಹಿ ಮಾಡಿ ಅನ್ನುತ್ತಾರೆ. ಏನು ಮಾಡಲಿ ಅಣ್ಣಾ?
— ಸದಸ್ಯೆ, ರಾಯಚೂರು ಜಿಲ್ಲೆ

ಉತ್ತರ: ತಂಗಿ, ನಾನಿದ್ದ ಒಂದು ಪುರಸಭೆಯಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬಳು ಮೀಸಲು ವಾರ್ಡಿನಿಂದ ಗೆದ್ದು ಬಂದಿದ್ದಳು. ಮೊದಮೊದಲು ಸಭೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ಅವಳ ಬೀದಿಯ ಕಾಂಕ್ರೀಟ್ ರಸ್ತೆಯ ಬಿಲ್ಲು ಮಂಜೂರಾತಿಗೆ ಬಂತು. "ಅಂದಾಜುಪಟ್ಟಿ ತೋರಿಸಿ ಸಾರ್" ಅಂದಳು. ಆರು ಇಂಚು ದಪ್ಪ ಅಂತ ಬರೆದಿತ್ತು. ಬ್ಲೌಸಿನ ಅಳತೆಗೆ ಕತ್ತಿಗೆ ಹಾಕಿಕೊಳ್ಳುವ ಟೇಪನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. "ನಾನು ಬೆಳಿಗ್ಗೆ ರಸ್ತೆಯ ಅಂಚಿನಲ್ಲಿ ಮೂರು ಕಡೆ ಅಳತೆ ಹಿಡಿದೆ, ನಾಲ್ಕೂವರೆ ದಾಟಲಿಲ್ಲ. ನೀವೂ ಬನ್ನಿ." ಹೋಗಲೇಬೇಕಾಯಿತು. ಕಾಮಗಾರಿಯ ಅಳತೆ ಬರೆದಿಡುವ ಎಂ.ಬಿ. ಪುಸ್ತಕ ಹಿಡಿದು ಎಂಜಿನಿಯರ್ ಹಿಂದೆ ಬಂದರು. ಬಿಲ್ಲು ನಿಂತಿತು. ಗುತ್ತಿಗೆದಾರ ಕಡಿಮೆ ಬಿದ್ದ ಕಡೆಯೆಲ್ಲ ಒಡೆದು ಮತ್ತೆ ಹಾಕಿದ. ಮುಂದಿನ ಸಭೆಯಿಂದ ಅವಳು ಎದ್ದು ನಿಂತರೆ ಉಳಿದವರು ಸುಮ್ಮನಾಗುತ್ತಿದ್ದರು.

ನೀನೂ ಒಂದೇ ಕೆಲಸ ಹಿಡಿ. ನಿನ್ನ ವಾರ್ಡಿನ ಒಂದು ಕಾಮಗಾರಿಯ ಅಂದಾಜುಪಟ್ಟಿ ಮತ್ತು ಎಂ.ಬಿ. ಪುಸ್ತಕ ತೋರಿಸಲು ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ) ಬರವಣಿಗೆಯಲ್ಲಿ ಕೇಳು. ಅರ್ಜಿಯ ನಕಲಿಗೆ ಸ್ವೀಕೃತಿಯ ಮುದ್ರೆ ಹಾಕಿಸಿಕೋ. ಹಿಂದಿನ ಸಭೆಯ ನಡವಳಿ ಓದಿ ಹೇಳುವವರೆಗೆ ಸಹಿ ಮಾಡಬೇಡ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು ಅಂತ ಕಾಯ್ದೆಯಲ್ಲೇ ಇದೆ. ನಡೆಯದಿದ್ದರೆ ಅದನ್ನೂ ಬರೆದು ಕೊಡು. ಮೈಸೂರಿನಲ್ಲಿ ನಜೀರ್ ಸಾಬರ ಹೆಸರಿನ ಸಂಸ್ಥೆಯೇ ಇದೆ, ಸದಸ್ಯರಿಗೆ ತರಬೇತಿ ಕೊಡುವುದು ಅದರ ಕೆಲಸ. ಕರೆ ಬಂದಾಗ ಮನೆಯವರನ್ನು ಕಳಿಸಬೇಡ, ನೀನೇ ಹೋಗು.